ಹಳೆ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿನಲ್ಲಿ ತಡವಿಲ್ಲದ ರಿವರ್ಬ್: ಮನೆ ರೆಕಾರ್ಡಿಂಗ್‌ಗೆ ಕಟ್ಟಿದ ಬಗೆ

ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರಿಗೆಲ್ಲ ಒಂದು ತೊಂದರೆ ಗೊತ್ತಿರುತ್ತದೆ. ಹಾಡುವವರ ಹೆಡ್‌ಫೋನಿಗೆ ಅವರದೇ ದನಿ ಸ್ವಲ್ಪ ತಡವಾಗಿ ಬರುತ್ತದೆ. ತಡ ತಗ್ಗಿಸಲು ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ಪಾಲು) ಇಳಿಸಿದರೆ ಪಟಪಟ ಸದ್ದು ಶುರು. ಯುಎಸ್‌ಬಿ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ (ಮೈಕಿನ ದನಿಯನ್ನು ನೇರ ಹೆಡ್‌ಫೋನಿಗೆ ಕೊಡುವಂಥದ್ದು) ತಿರುಗಿಸಿದರೆ ತಡ ಹೋಗುತ್ತದೆ, ಆದರೆ ದನಿ ಒಣಒಣ. ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಾಗ ಉಳಿಯುವಂಥ ಮಾರ್ದನಿ) ಇಲ್ಲದ ಒಣ ದನಿ ಕಿವಿಗೆ ಬಿದ್ದರೆ ಹಾಡುವವರು ಗಂಟಲು ಬಿಗಿ ಹಿಡಿಯುತ್ತಾರೆ. ದೀರ್ಘ ಸ್ವರದಲ್ಲಿ ನಿಲ್ಲುವುದೇ ಇಲ್ಲ, ಮುಂದಿನ ಸಾಲಿಗೆ ಓಡುತ್ತಾರೆ. ಇದನ್ನು ತುಂಬ ಜನರಲ್ಲಿ ನೋಡಿದ್ದೇನೆ.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ದರದಲ್ಲಿ 512 ಸ್ಯಾಂಪಲ್ ಬಫರ್ ಅಂದರೆ 11.6 ಮಿಲಿಸೆಕೆಂಡ್. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು. ಒಟ್ಟು 23 ದಾಟುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಸುಮಾರು 8 ಮೀಟರ್ ಹೋಗಿರುತ್ತದೆ. ಹಾಡುವವರಿಗೆ ತಮ್ಮ ದನಿ ತಲೆಬುರುಡೆಯ ಮೂಲಕ ಆಗಲೇ ಕೇಳಿಸಿರುತ್ತದೆ. ಆಮೇಲೆ ಬರುವ ಎರಡನೇ ದನಿ ಅವರನ್ನು ಎಳೆಯುತ್ತದೆ.

ನನಗೆ ಬೇಕಿದ್ದದ್ದು ಎರಡು. ತಡ ಇರಬಾರದು, ರಿವರ್ಬ್ ಇರಬೇಕು. ರೆಕಾರ್ಡ್ ಆಗುವ ದನಿ ಮಾತ್ರ ಒಣದಾಗಿಯೇ ಉಳಿಯಬೇಕು, ಯಾಕೆಂದರೆ ಮಿಕ್ಸಿಂಗ್ ಆಮೇಲಿನ ಕೆಲಸ. ದುಬಾರಿ ಸ್ಟುಡಿಯೋ ಇಂಟರ್‌ಫೇಸುಗಳು ಇದನ್ನು ಒಳಗಿನ, ಸದ್ದಿನ ಲೆಕ್ಕಕ್ಕೆಂದೇ ಮಾಡಿದ ಡಿಎಸ್‌ಪಿ ಚಿಪ್‌ನಿಂದ ಮಾಡುತ್ತವೆ. ಅದೇ ಕೆಲಸವನ್ನು 1998ರಲ್ಲಿ ಬಂದ ಒಂದು ಮನೆಬಳಕೆಯ ಸೌಂಡ್ ಕಾರ್ಡ್ ಕೂಡ ಮಾಡಬಲ್ಲದು.

ಸೌಂಡ್ ಬ್ಲಾಸ್ಟರ್ ಕಾರ್ಡುಗಳನ್ನು ಮಾಡುವ ಕ್ರಿಯೇಟಿವ್ ಕಂಪನಿ 1993ರಲ್ಲಿ ಅಮೆರಿಕದ ಈ-ಮು ಸಿಸ್ಟಮ್ಸ್ ಅನ್ನು ಕೊಂಡುಕೊಂಡಿತು. ಈ-ಮು ಅಂದರೆ ಎಮ್ಯುಲೇಟರ್ ಸ್ಯಾಂಪ್ಲರ್, ಪ್ರೋಟಿಯಸ್ ಮಾಡ್ಯೂಲ್ ಮಾಡಿದವರು, ಸಂಗೀತ ವಾದ್ಯದವರು. ಅವರ ಕೈಯಿಂದ ಬಂದ ಈಎಂಯು10ಕೆ1 ಚಿಪ್ ಸೌಂಡ್ ಬ್ಲಾಸ್ಟರ್ ಲೈವ್ ಕಾರ್ಡಿಗೆ ಹೋಯಿತು. ಅದೇ ಚಿಪ್ಪನ್ನು ಈ-ಮು ತನ್ನ ಹೆಸರಿನಲ್ಲಿ ಎಪಿಎಸ್ ಎಂಬ ಸ್ಟುಡಿಯೋ ಕಾರ್ಡಿಗೂ ಹಾಕಿತು. ಜನ ಲೈವ್ ಕಾರ್ಡನ್ನು ಆಟ ಆಡಲು, ಸಿನಿಮಾ ನೋಡಲು ಕೊಂಡರು. ಆದರೆ ಒಳಗಿದ್ದದ್ದು ನಿಜವಾದ, ನಾವೇ ಪ್ರೋಗ್ರಾಂ ಬರೆಯಬಹುದಾದ ಆಡಿಯೋ ಪ್ರೊಸೆಸರ್.

ಮೊದಲು ಸರಿಯಾದ ಕಾರ್ಡ್ ಹುಡುಕಬೇಕು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಇದೆ. ಬೇರೆ ಊರಿನವರು ಹಳೆ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಕೇಳಿ, ಪೆಟ್ಟಿಗೆ ತುಂಬ ಹಳೆ ಕಾರ್ಡುಗಳು ಬಿದ್ದಿರುತ್ತವೆ. ಆದರೆ ಹೆಸರು ನೋಡಿ ಕೊಳ್ಳಬೇಡಿ. 'ಲೈವ್ 24 ಬಿಟ್' ಎಂಬ ಕಾರ್ಡಿನ ಮಾದರಿ ಸಂಖ್ಯೆ ಎಸ್‌ಬಿ0410. ಹೆಸರಲ್ಲಿ ಲೈವ್ ಇದೆ, 24 ಬಿಟ್ ಇದೆ, ಆದರೆ ನಮಗೆ ಬೇಕಾದ ಡಿಎಸ್‌ಪಿಯೇ ಇಲ್ಲ. ಅದರಲ್ಲಿರುವುದು ಸಿಎ0106 ಎಂಬ ಬೇರೆ ಚಿಪ್. ಲೈವ್ ನಂತರ ಬಂದ ಆಡಿಜಿ ಸಾಲಿನ ಎಸ್‌ಇ ಕಾರ್ಡಿನದೂ ಅದೇ ಕಥೆ. ಬ್ರ್ಯಾಂಡೆಡ್ ಕಂಪ್ಯೂಟರುಗಳ ಜೊತೆ ಬಂದ ಎಸ್‌ಬಿ0200ರಲ್ಲಿ ಈಎಂಯು10ಕೆ1ಎಕ್ಸ್ ಇದೆ. ಕೊನೆಯ ಆ ಒಂದಕ್ಷರದಿಂದಲೇ ಅದು ನಮಗೆ ಬರುವುದಿಲ್ಲ. ಸಿಟಿ4830, ಎಸ್‌ಬಿ0060, ಎಸ್‌ಬಿ0100, ಎಸ್‌ಬಿ0220 ಇವು ಸರಿಯಾದವು. ನನಗೆ ಸಿಕ್ಕಿದ್ದು ಎಸ್‌ಬಿ0060.

ಮಾದರಿ ಸಂಖ್ಯೆಯ ಚೀಟಿ ಹರಿದುಹೋಗಿದ್ದರೆ ಪಿಸಿಐ ಐಡಿ (ಕಾರ್ಡ್ ಕಂಪ್ಯೂಟರಿಗೆ ಹೇಳುವ ಗುರುತಿನ ಸಂಖ್ಯೆ) ನೋಡಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಸಾಕು. ವೆಂಡರ್ 1102 ಎಲ್ಲಕ್ಕೂ ಒಂದೇ. ಡಿವೈಸ್ 0002 ಬಂದರೆ ಈಎಂಯು10ಕೆ1. 0004 ಬಂದರೆ ಆಡಿಜಿ ಅಥವಾ ಆಡಿಜಿ 2, ಅದು ಇನ್ನೂ ಒಳ್ಳೆಯದು. 0006 ಮತ್ತು 0007 ಬಂದರೆ ಅಂಗಡಿಗೆ ವಾಪಸ್ ಕೊಡಿ.

ಇದು ಪಿಸಿಐ ಕಾರ್ಡ್, ಈಗಿನ ಬೋರ್ಡುಗಳಲ್ಲಿ ಆ ಸ್ಲಾಟ್ ಇಲ್ಲ. ನಾನು ಜಿ31 ಚಿಪ್‌ಸೆಟ್ಟಿನ ಬೋರ್ಡ್ ಬಳಸಿದೆ. ಕೋರ್ 2 ಡುಯೋ, 2 ಜಿಬಿ ರ‍್ಯಾಮ್, ಎರಡು ಪಿಸಿಐ ಸ್ಲಾಟ್. ನಮ್ಮಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಬಂದ ಬೋರ್ಡ್ ಇದು, ಈಗಲೂ ಸಿಗುತ್ತದೆ. ಬಯೋಸ್‌ನಲ್ಲಿ ಬೋರ್ಡಿನ ಸ್ವಂತ ಆಡಿಯೋ, ಸೀರಿಯಲ್ ಪೋರ್ಟ್, ಪ್ಯಾರಲಲ್ ಪೋರ್ಟ್ ಎಲ್ಲ ಬಂದ್ ಮಾಡಿದೆ. ಇಂಟರಪ್ಟ್ (ಸಿಪಿಯುವಿನ ಗಮನ ಸೆಳೆಯುವ ಕರೆ) ಹಂಚಿಕೊಳ್ಳುವವರು ಕಡಿಮೆ ಇದ್ದಷ್ಟೂ ಒಳ್ಳೆಯದು.

ಕಾರ್ಡ್ ಹಾಕುವ ಮೊದಲು ರಿಪೇರಿ. ಅಂಚಿನ ಬಂಗಾರದ ಬಣ್ಣದ ಪಟ್ಟಿಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದೆ. ಜ್ಯಾಕುಗಳ ಬುಡದ ಬೆಸುಗೆ ಬಿರುಕು ಬಿಟ್ಟಿರುವುದು ಮಾಮೂಲು, ವರ್ಷಗಟ್ಟಲೆ ಪಿನ್ ಎಳೆದಾಡಿರುತ್ತಾರಲ್ವಾ. ಲೈನ್-ಇನ್ ಜ್ಯಾಕಿನ ಕಾಲುಗಳಿಗೆ ಹೊಸ ಬೆಸುಗೆ ಹಾಕಿದೆ.

ಆಮೇಲೆ ಕೆಪ್ಯಾಸಿಟರ್. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. 1,000 ಹರ್ಟ್ಸ್ ಸೈನ್ ತರಂಗ ನುಡಿಸಿ ಎರಡೂ ಚಾನೆಲ್‌ಗಳ ಮಟ್ಟ ಅಳೆಯಿರಿ. ಆಮೇಲೆ 50 ಹರ್ಟ್ಸ್ ನುಡಿಸಿ ಅಳೆಯಿರಿ. ಮೊದಲನೆಯದರಲ್ಲಿ ಎರಡೂ ಸಮ ಇದ್ದು ಎರಡನೆಯದರಲ್ಲಿ ಒಂದು ಕುಗ್ಗಿದರೆ ಆ ಚಾನೆಲ್ಲಿನ ಸದ್ದು ದಾಟಿಸುವ ಕಪ್ಲಿಂಗ್ ಕೆಪ್ಯಾಸಿಟರ್ ಒಣಗಿದೆ ಎಂದು ತಿಳಿಯಿರಿ. ನನ್ನ ಕಾರ್ಡಿನಲ್ಲಿ ಎಡಗಡೆ ಹಾಗೇ ಆಗಿತ್ತು. ಕೆಪ್ಯಾಸಿಟರಿನ ಮೇಲೆ ಬರೆದ ಅಳತೆಯದ್ದೇ ಹೊಸದು ತಂದು, ಆಡಿಯೋ ದಾರಿಯಲ್ಲಿರುವ ಎಲ್ಲವನ್ನೂ ಬದಲಿಸಿದೆ. ಒಂದು ಎಚ್ಚರಿಕೆ. ಸಣ್ಣ ಡಬ್ಬಿಯಾಕಾರದ ಅಲ್ಯೂಮಿನಿಯಂ ಕೆಪ್ಯಾಸಿಟರಿನ ತಲೆ ಮೇಲಿನ ಕಪ್ಪು ಗುರುತು ನೆಗೆಟಿವ್ ಕಡೆ. ಚೌಕಾಕಾರದ ಟ್ಯಾಂಟಲಮ್ಮಿನಲ್ಲಿ ಪಟ್ಟಿ ಇರುವುದು ಪಾಸಿಟಿವ್ ಕಡೆ. ಎರಡೂ ಒಂದೇ ಕಾರ್ಡಿನಲ್ಲಿ ಇರಬಹುದು. ಟ್ಯಾಂಟಲಂ ತಿರುಗಿಸಿ ಹಾಕಿದರೆ ಸುಟ್ಟುಹೋಗುತ್ತದೆ. ಕಾರ್ಡ್ ತೆಗೆಯುವಾಗ, ಹಾಕುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ. ಕಂಪ್ಯೂಟರ್ ಆರಿಸಿದ ಮಾತ್ರಕ್ಕೆ ಬೋರ್ಡಿನ ಸ್ಟ್ಯಾಂಡ್‌ಬೈ ಕರೆಂಟ್ ಹೋಗುವುದಿಲ್ಲ.

ಡ್ರೈವರ್ ವಿಷಯಕ್ಕೆ ಬರೋಣ. ಕಾರ್ಡಿನ ಜೊತೆ ಬಂದ ಸಿಡಿಯ ಡ್ರೈವರ್ ಹಾಕಿದರೆ ಡಿಎಸ್‌ಪಿಯ ಬಾಗಿಲು ಮುಚ್ಚಿಯೇ ಇರುತ್ತದೆ. ಬೇಕಾದದ್ದು ಕೆಎಕ್ಸ್ ಡ್ರೈವರ್. ಯುಜೀನ್ ಗವ್ರಿಲೋವ್ ಮತ್ತು ಜೊತೆಗಾರರು ಬರೆದ ಉಚಿತ ಡ್ರೈವರ್ ಇದು. ಎಎಸ್‌ಐಒ (ರೆಕಾರ್ಡಿಂಗ್ ತಂತ್ರಾಂಶ ಕಾರ್ಡಿನ ಜೊತೆ ಕಡಿಮೆ ತಡದಲ್ಲಿ ಮಾತಾಡುವ ದಾರಿ) ಕೊಡುತ್ತದೆ, ಚಿಪ್ಪಿನೊಳಗಿನ ಜೋಡಣೆಯನ್ನು ತೆರೆಯ ಮೇಲೆ ತಂತಿ ಎಳೆದು ಬದಲಿಸಲು ಬಿಡುತ್ತದೆ, ನಮ್ಮದೇ ಪ್ರೋಗ್ರಾಂ ಬರೆಯಲು ಡೇನ್ ಎಂಬ ಅಸೆಂಬ್ಲರ್ ಕೂಡ ಅದರಲ್ಲೇ ಇದೆ. ಅಷ್ಟು ವರ್ಷ ಕೆಲಸ ಮಾಡಿ, ಜನರ ಕೈಗೆ ಆ ಚಿಪ್ಪನ್ನು ನಿಜವಾಗಿ ಕೊಟ್ಟವರು ಅವರು. ನನಗೆ ಅವರ ಮೇಲೆ ತುಂಬ ಗೌರವ.

ಹೊಸದಾಗಿ 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಹಳೆ ಡ್ರೈವರಿನ ಸೋಂಕು ಇಲ್ಲದಂತೆ ನೇರ ಕೆಎಕ್ಸ್ ಹಾಕಿದೆ. ಈ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟಿಲ್ಲ, ಕೊಡಲೂಬಾರದು. ಫೈಲುಗಳು ಪೆನ್‌ಡ್ರೈವಿನಲ್ಲಿ ಓಡಾಡುತ್ತವೆ. ಲಿನಕ್ಸ್ ಇಷ್ಟಪಡುವವರಿಗೆ ಕರ್ನೆಲ್ಲಿನಲ್ಲೇ ಈ ಚಿಪ್ಪಿಗೆ ಆಲ್ಸಾ ಡ್ರೈವರ್ ಇದೆ, ಡಿಎಸ್‌ಪಿಗೆ ಪ್ರೋಗ್ರಾಂ ತುಂಬುವ ಸಲಕರಣೆಯೂ ಇದೆ. ನನಗೆ ತಂತಿ ಎಳೆಯುವ ಕಿಟಕಿ ಬೇಕಿತ್ತು, ಅದಕ್ಕೆ ಎಕ್ಸ್‌ಪಿ.

ಈ ಚಿಪ್ ಕೆಲಸ ಮಾಡುವ ರೀತಿ ತಿಳಿದರೆ ತಡ ಯಾಕಿಲ್ಲ ಎಂಬುದೂ ತಿಳಿಯುತ್ತದೆ. ಸಿಪಿಯು ಸದ್ದನ್ನು ಬಿಂದಿಗೆ ತುಂಬಿಸಿ ಹೊರುತ್ತದೆ, ಡಿಎಸ್‌ಪಿ ಪೈಪಿನಲ್ಲೇ ಹರಿಸುತ್ತದೆ. ಈಎಂಯು10ಕೆ1ಕ್ಕೆ ಒಂದೇ ದರ, 48,000. ಒಂದೊಂದು ಸ್ಯಾಂಪಲ್ ಬಂದಾಗಲೂ ಅದು ತನ್ನ ಇಡೀ ಪ್ರೋಗ್ರಾಮನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಓಡಿಸುತ್ತದೆ. ಪ್ರೋಗ್ರಾಮಿನ ಗರಿಷ್ಠ ಉದ್ದ 512 ಸೂಚನೆಗಳು. ಆಡಿಜಿಯಲ್ಲಿ 1,024. ಹಿಂದಕ್ಕೆ ಜಿಗಿಯುವ ಲೂಪ್ ಇಲ್ಲ. ಕೆಲವು ಸೂಚನೆಗಳನ್ನು ಹಾರಿಸಿ ಮುಂದೆ ಹೋಗಬಹುದು, ಅಷ್ಟೇ. ಹಾಗಾಗಿ ನಿಮ್ಮ ರಿವರ್ಬ್ ಒಂದೋ ಅದರಲ್ಲಿ ಹಿಡಿಸುತ್ತದೆ, ಇಲ್ಲವೋ ಹಿಡಿಸುವುದಿಲ್ಲ. ಹಿಡಿಸಿದ ಮೇಲೆ ಅದು ಎಂದೂ ತಡವರಿಸುವುದಿಲ್ಲ. ಪಕ್ಕದಲ್ಲಿ ಕಂಪ್ಯೂಟರ್ ಏನೇ ಒದ್ದಾಡಲಿ, ಹೆಡ್‌ಫೋನಿನ ದನಿಗೆ ಅದು ಮುಟ್ಟುವುದಿಲ್ಲ. ನನ್ನ ಪ್ರಕಾರ ಡಿಎಸ್‌ಪಿಯ ನಿಜವಾದ ಬೆಲೆ ಇದೇ. ಶಕ್ತಿಯ ಲೆಕ್ಕದಲ್ಲಿ ಈಗಿನ ಫೋನು ಕೂಡ ಇದನ್ನು ಸೋಲಿಸುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಕೊಡುವ ಮಾತು ಬೇರೆ.

ಸೂಚನೆಗಳೆಲ್ಲ ಸಣ್ಣವು. ಮುಖ್ಯವಾದದ್ದು ಒಂದು: ಎರಡು ಸಂಖ್ಯೆ ಗುಣಿಸಿ, ಮೂರನೆಯದಕ್ಕೆ ಕೂಡಿಸಿ, ನಾಲ್ಕನೆಯ ಕಡೆ ಇಡು. ಸಂಖ್ಯೆಗಳು ಮೈನಸ್ 1ರಿಂದ ಪ್ಲಸ್ 1ರ ಒಳಗೆ. ಮೀರಿದರೆ ಅಂಚಿನಲ್ಲೇ ನಿಲ್ಲಿಸುವ ಬಗೆ ಒಂದು, ಸುತ್ತಿ ಇನ್ನೊಂದು ತುದಿಗೆ ಹೋಗುವ ಬಗೆ ಇನ್ನೊಂದು. ಆಡಿಯೋಗೆ ಯಾವಾಗಲೂ ಮೊದಲನೆಯದನ್ನೇ ಬಳಸಿ. ಎರಡನೆಯದು ಕಿವಿಗೆ ಏಟು ಕೊಟ್ಟ ಹಾಗಿರುತ್ತದೆ. ಇಕ್ವಲೈಸರ್ ಬರೆಯುವವರು ಇನ್ನೊಂದು ಗಮನಿಸಬೇಕು. ಅದರ ಕೆಲವು ಗುಣಕಗಳು 2ರವರೆಗೂ ಹೋಗುತ್ತವೆ. ಅಂಥದ್ದನ್ನು ಅರ್ಧ ಮಾಡಿ ಎರಡು ಸಲ ಕೂಡಿಸಬೇಕು.

ಮೊದಲು ಫ್ಯಾನಿನ ಗೊರಗೊರ ತೆಗೆಯಲು 80 ಹರ್ಟ್ಸಿನ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದು ತಗ್ಗಿಸುವ ಫಿಲ್ಟರ್, ಬರೆದೆ. ಈಗಿನ ಸ್ಯಾಂಪಲ್‌ನಿಂದ ಹಿಂದಿನ ಸ್ಯಾಂಪಲ್ ಕಳೆದು, ಹಿಂದಿನ ಉತ್ತರ ಕೂಡಿಸಿ, 0.9896ರಿಂದ ಗುಣಿಸಿದರೆ ಆಯಿತು. ಎರಡು ಸಲ ಸಾಲಾಗಿ ಇಟ್ಟೆ. ನಾಲ್ಕಾರು ಸೂಚನೆಗಳ ಕೆಲಸ.

ರಿವರ್ಬಿಗೆ ಬೆಲ್ ಲ್ಯಾಬ್ಸಿನ ಮ್ಯಾನ್‌ಫ್ರೆಡ್ ಶ್ರೋಡರ್ 1962ರಲ್ಲಿ ಕೊಟ್ಟ ವಿನ್ಯಾಸ ತೆಗೆದುಕೊಂಡೆ. ನಾಲ್ಕು ಕೋಂಬ್ ಫಿಲ್ಟರ್ ಅಕ್ಕಪಕ್ಕ, ಅವುಗಳ ಮೊತ್ತ ಎರಡು ಆಲ್‌ಪಾಸ್ ಮೂಲಕ ಸಾಲಾಗಿ. ಕೋಂಬ್ ಅಂದರೆ ಸದ್ದನ್ನು ತಡಮಾಡಿ, ಕೊಂಚ ಕುಗ್ಗಿಸಿ, ಮತ್ತೆ ತನ್ನೊಳಗೇ ಸುತ್ತಿಸುವ ಫಿಲ್ಟರ್. ಆಲ್‌ಪಾಸ್ ಅಂದರೆ ಎಲ್ಲ ಸ್ವರಗಳನ್ನೂ ಸಮನಾಗಿ ಬಿಟ್ಟು ಮಾರ್ದನಿಯನ್ನು ದಟ್ಟ ಮಾಡುವ ಫಿಲ್ಟರ್. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಚಿಪ್ಪಿನೊಳಗೆ ತಡ ಹಿಡಿದಿಡಲು 8,192 ಸ್ಯಾಂಪಲ್ ಜಾಗ ಇದೆ, ಅಂದರೆ ಸುಮಾರು 170 ಮಿಲಿಸೆಕೆಂಡ್. ಶ್ರೋಡರ್ ವಿನ್ಯಾಸಕ್ಕೆ ಸಾಮಾನ್ಯವಾಗಿ ಬಳಸುವ ತಡಗಳು 29.7, 37.1, 41.1, 43.7 ಮಿಲಿಸೆಕೆಂಡ್. ಆಲ್‌ಪಾಸಿಗೆ 5.0 ಮತ್ತು 1.7. ನಮ್ಮ ದರದಲ್ಲಿ ಇವು 1,426, 1,781, 1,973, 2,098, 240 ಮತ್ತು 82 ಸ್ಯಾಂಪಲ್. ಕೂಡಿದರೆ 7,600. ಒಳಗಿನ ಜಾಗದಲ್ಲಿ ಹಿಡಿಸಿ 592 ಉಳಿಯುತ್ತದೆ! ಆ ಉಳಿದದ್ದನ್ನೂ ಬಿಡಲಿಲ್ಲ. 12 ಮಿಲಿಸೆಕೆಂಡಿನ ಪ್ರೀ-ಡಿಲೇ ಮಾಡಿದೆ. ದನಿಯ ಮೊದಲ ಅಕ್ಷರ ಸ್ವಚ್ಛವಾಗಿ ಕೇಳಿ, ಅದರ ಹಿಂದೆ ರಿವರ್ಬ್ ಏಳುತ್ತದೆ. ಒಂದು ಷರತ್ತು, ಬೇರೆ ಯಾವ ಎಫೆಕ್ಟೂ ಆ ಒಳಗಿನ ಮೆಮೊರಿ ಹಿಡಿದಿರಬಾರದು. ಕೆಎಕ್ಸ್ ತಾನಾಗಿ ಹಾಕಿದ ಎಫೆಕ್ಟುಗಳನ್ನು ಮೊದಲು ಕಿತ್ತುಹಾಕಿ.

ಕೋಂಬ್‌ಗಳ ಗುಣಕಕ್ಕೆ ಸೂತ್ರ ಸರಳ. ತಡವನ್ನು ರಿವರ್ಬ್ ಸಮಯದಿಂದ (ಮಾರ್ದನಿ ಆರಿಹೋಗಲು ಹಿಡಿಯುವ ಹೊತ್ತು) ಭಾಗಿಸಿ, ಮೈನಸ್ 3ರಿಂದ ಗುಣಿಸಿ, 10ರ ಘಾತವಾಗಿ ತೆಗೆದುಕೊಳ್ಳಿ. 1.5 ಸೆಕೆಂಡ್ ರಿವರ್ಬಿಗೆ ನಾಲ್ಕು ಗುಣಕಗಳು 0.872, 0.843, 0.828, 0.818. ಆಲ್‌ಪಾಸ್ ಎರಡಕ್ಕೂ 0.7. ಕೋಂಬ್ ತನ್ನ ಅನುರಣನದಲ್ಲಿ ಸಿಗ್ನಲ್ಲನ್ನು ಎಂಟು ಪಟ್ಟು ತನಕ ಹಿಗ್ಗಿಸಬಲ್ಲದು. ಆದ್ದರಿಂದ ಒಳಗೆ ಕಳಿಸುವ ಮುಂಚೆಯೇ ಎಂಟನೇ ಒಂದಕ್ಕೆ ಇಳಿಸಿ. ಇಲ್ಲದಿದ್ದರೆ ತಾರಸ್ಥಾಯಿಯಲ್ಲಿ ದನಿ ಒಡೆಯುತ್ತದೆ.

ಹೀಗೆ ಮಾಡಿದ ರಿವರ್ಬ್ ಮೊದಲು ತಗಡಿನ ಸದ್ದು ಕೊಡುತ್ತದೆ. ನಿಜವಾದ ಕೋಣೆಯಲ್ಲಿ ತೀಕ್ಷ್ಣ ಸದ್ದು ಬೇಗ ಸಾಯುತ್ತದೆ, ಇದರಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಸಾಯುತ್ತವೆ. 1979ರಲ್ಲಿ ಜೇಮ್ಸ್ ಮೂರರ್ ಹೇಳಿದ ಉಪಾಯ, ಪ್ರತಿ ಕೋಂಬಿನ ಸುತ್ತಿನೊಳಗೆ ಒಂದು ಲೋಪಾಸ್, ಅಂದರೆ ತೀಕ್ಷ್ಣ ಸದ್ದು ತಗ್ಗಿಸುವ ಫಿಲ್ಟರ್, ಇಡುವುದು. ಈ ಚಿಪ್ಪಿನಲ್ಲಿ ಎರಡು ಸಂಖ್ಯೆಗಳ ನಡುವಿನ ಬೆಲೆ ಹುಡುಕುವ ಇಂಟರ್ಪ್ ಎಂಬ ಸೂಚನೆ ಇದೆ. ಅದನ್ನು ಹಾಕಿದರೆ ಒಂದೇ ಸೂಚನೆಯಲ್ಲಿ ಲೋಪಾಸ್ ಆಗಿಬಿಡುತ್ತದೆ. ಸಂಗೀತ ಬಲ್ಲವರು ಮಾಡಿದ ಚಿಪ್ ಎಂಬುದು ಇಂಥ ಕಡೆ ಗೊತ್ತಾಗುತ್ತದೆ. ಇಡೀ ರಿವರ್ಬ್ ಇಪ್ಪತ್ತರ ಆಸುಪಾಸಿನ ಸೂಚನೆಗಳಲ್ಲಿ ಮುಗಿಯಿತು, 512ರಲ್ಲಿ!

ಈಗ ಜೋಡಣೆ. ಮೈಕನ್ನು ಕಾರ್ಡಿನ ಗುಲಾಬಿ ಜ್ಯಾಕಿಗೆ ಹಾಕಬೇಡಿ, ಅದರ ಗದ್ದಲ ತುಂಬ ಜಾಸ್ತಿ. ಸಣ್ಣ ಮಿಕ್ಸರಿನಿಂದ ನೀಲಿ ಲೈನ್-ಇನ್‌ಗೆ ತನ್ನಿ. ಮಿಕ್ಸರಿನಲ್ಲಿ ಮೈಕನ್ನು ಪೂರ್ತಿ ಎಡಕ್ಕೆ, ಶ್ರುತಿ ಪೆಟ್ಟಿಗೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಡಿಎಸ್‌ಪಿಗೆ ಎಡ, ಬಲ ಬೇರೆ ಬೇರೆ. ಎಡದ ದನಿ ಹೈಪಾಸ್ ದಾಟಿ ಎರಡು ದಾರಿ ಹಿಡಿಯುತ್ತದೆ. ಒಂದು ಒಣದಾಗಿಯೇ ಎಎಸ್‌ಐಒ ಮೂಲಕ ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಟ್ರ್ಯಾಕಿಗೆ. ಇನ್ನೊಂದು ರಿವರ್ಬ್ ಸೇರಿ ಹೆಡ್‌ಫೋನಿಗೆ. ಶ್ರುತಿ ನೇರ ಹೆಡ್‌ಫೋನಿಗೆ, ಜೊತೆಗೆ ಅದರದೇ ಟ್ರ್ಯಾಕಿಗೆ. ರೀಪರ್ ಪ್ರಾಜೆಕ್ಟನ್ನು 48,000ಕ್ಕೇ ಇಡಿ. ಕಾರ್ಡಿಗೆ ಬೇರೆ ದರ ಗೊತ್ತಿಲ್ಲ. ಕಾರ್ಡ್ 16 ಬಿಟ್ಟಿನದು, ಹಾಗಾಗಿ ಮಟ್ಟ ತೀರ ಕೆಳಗೆ ಇಡಬೇಡಿ. ಜೋರಾಗಿ ಹಾಡಿದಾಗ ಮೈನಸ್ 6 ಡಿಬಿ ಮುಟ್ಟುವಂತೆ ಇಟ್ಟೆ.

ಹೆಡ್‌ಫೋನ್ ಎಲ್ಲಿ ಹಾಕುವುದು ಎಂಬುದು ಇಡೀ ಕೆಲಸದ ಸೂಕ್ಷ್ಮ ಜಾಗ. ಹಸಿರು ಜ್ಯಾಕಿನ ಸದ್ದು ಎಸಿ97 ಕೋಡೆಕ್ ಎಂಬ, ಸದ್ದನ್ನು ಅಂಕಿಯಾಗಿ, ಅಂಕಿಯನ್ನು ಸದ್ದಾಗಿ ಬದಲಿಸುವ ಚಿಪ್ ದಾಟಿ ಬರುತ್ತದೆ. ಆ ಕೋಡೆಕ್ಕಿನೊಳಗೆ ಲೈನ್-ಇನ್‌ನಿಂದ ನೇರ ಔಟ್‌ಪುಟ್‌ಗೆ ಒಂದು ಅನಲಾಗ್ ಒಳದಾರಿ ಇದೆ, ಡಿಎಸ್‌ಪಿಗೆ ಅದು ಕಾಣುವುದೇ ಇಲ್ಲ. ಅದು ತೆರೆದಿದ್ದರೆ ಒಂದೇ ದನಿ ಎರಡು ಸಲ ಬರುತ್ತದೆ, ನಡುವೆ ಕೂದಲೆಳೆಯಷ್ಟು ಅಂತರ. ಆಗ ದನಿ ಟೊಳ್ಳಾಗಿ, ಮೂಗಿನಿಂದ ಬಂದಂತೆ ಕೇಳುತ್ತದೆ. ಎಷ್ಟೋ ಜನ ಇದನ್ನು ಕೇಳಿ ಡಿಎಸ್‌ಪಿಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಡ್ರೈವರಿನ ಮಿಕ್ಸರ್ ಕಿಟಕಿಯಲ್ಲಿ ಲೈನ್-ಇನ್ ಪ್ಲೇಬ್ಯಾಕನ್ನು ಮ್ಯೂಟ್ ಮಾಡಿ, ರೆಕಾರ್ಡಿಂಗ್ ಮಾತ್ರ ತೆರೆದಿಡಿ. ಅದಕ್ಕಿಂತ ಒಳ್ಳೆಯ ದಾರಿ ಕಪ್ಪು ಜ್ಯಾಕ್. ಹಿಂದಿನ ಸ್ಪೀಕರಿನ ಆ ಜ್ಯಾಕಿಗೆ ಬೇರೆಯದೇ ಡಿಎಸಿ ಚಿಪ್ (ಅಂಕಿಯನ್ನು ಸದ್ದಾಗಿಸುವಂಥದ್ದು) ಇದೆ, ಕೋಡೆಕ್ಕಿನ ಸಂಬಂಧವೇ ಇಲ್ಲ. ಸದ್ದೂ ಸ್ವಚ್ಛ. ಅಲ್ಲಿಂದ ಒಂದು ಸಣ್ಣ ಹೆಡ್‌ಫೋನ್ ಆಂಪ್ಲಿಫೈಯರಿಗೆ ತಂತಿ ಎಳೆದೆ.

ಹಾಡಿದವರು ನಮ್ಮ ಅತ್ತಿಗೆ. ಸುಮ್ನೆ ಪರೀಕ್ಷೆಗೆ ಒಂದು ದೇವರನಾಮ ಎಂದು ಕೂತವರು ಎದ್ದಿದ್ದು ಸಂಜೆ.

"ಇದು ಮೊದಲಿನ ಹಾಗೆ ಹಿಂದೆ ಹಿಂದೆ ಬರ್ತಿಲ್ವಲ್ಲೋ. ಏನು ಮಾಡಿದೆ?" ಎಂದರು.

"ಕಂಪ್ಯೂಟರಿನ ತನಕ ಹೋಗಲು ಬಿಟ್ಟಿಲ್ಲ ಅತ್ತಿಗೆ, ಕಾರ್ಡಿನಲ್ಲೇ ತಿರುಗಿಸಿದ್ದೀನಿ. ಎಕೋ ಜಾಸ್ತಿ ಆಯ್ತಾ?"

"ಜಾಸ್ತಿ ಇಲ್ಲ ಕಣೋ. ಶ್ರುತಿ ಮಾತ್ರ ಚೂರು ಇಳಿಸು."

ಇಳಿಸಿದೆ. ಹೆಡ್‌ಫೋನಿಗೆ ಹೋಗುವ ಬಲ ಚಾನೆಲ್ಲಿನ ಗುಣಕ ಅರ್ಧ ಮಾಡಿದರೆ ಆಯಿತು, ರೆಕಾರ್ಡ್ ಆಗುವ ಶ್ರುತಿಗೆ ಅದು ತಟ್ಟುವುದಿಲ್ಲ. ಆಮೇಲೆ ರೆಕಾರ್ಡ್ ಕೇಳಿದಾಗ ದೊಡ್ಡ ವ್ಯತ್ಯಾಸ ಕಂಡಿದ್ದು ದೀರ್ಘ ಸ್ವರಗಳಲ್ಲಿ. ಪಲ್ಲವಿಯ ಕೊನೆಯ ಷಡ್ಜದಲ್ಲಿ ಅವರು ಪೂರ್ತಿ ನಿಂತಿದ್ದಾರೆ. ದನಿ ಮುಗಿಯುವ ತನಕ ಕಾದು ಮುಂದಿನ ಸಾಲು ಎತ್ತಿಕೊಂಡಿದ್ದಾರೆ. ಮಿಕ್ಸಿಂಗಿನಲ್ಲಿ ಎಷ್ಟು ರಿವರ್ಬ್ ಹಾಕಿದರೂ ಆ ನಿಲುವು ಬರುವುದಿಲ್ಲ, ಹಾಡುವಾಗಲೇ ಬರಬೇಕು.

ಕೆಎಕ್ಸ್ ಜೋಡಣೆಯನ್ನು ಫೈಲಾಗಿ ಉಳಿಸಿ, ಇಡೀ ಡಿಸ್ಕಿನ ಪ್ರತಿ ತೆಗೆದಿಟ್ಟಿದ್ದೇನೆ. ಹಳೆ ಹಾರ್ಡ್‌ಡಿಸ್ಕ್ ನಂಬುವ ಹಾಗಿಲ್ಲ.

ಬಾಕಿ ಇರುವುದು ಮೃದಂಗ. ನಾಲ್ಕು ಕೋಂಬಿನ ರಿವರ್ಬ್ ದನಿಗೆ ಚೆನ್ನ, ಆದರೆ ಬಲಗಡೆಯ ಚಾಪು ಏಟಿಗೆ ಟಿಣ್ ಟಿಣ್ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಏಟಿಗೆ ದಟ್ಟವಾದ ರಿವರ್ಬ್ ಬೇಕು. ಫ್ರೀವರ್ಬ್ ಎಂಬ ಹೆಸರಾದ ವಿನ್ಯಾಸದಲ್ಲಿ ಒಂದೊಂದು ಕಿವಿಗೆ ಎಂಟು ಕೋಂಬ್, ನಾಲ್ಕು ಆಲ್‌ಪಾಸ್ ಇವೆ. ಸೂಚನೆಗಳಿಗೆ ಜಾಗದ ಚಿಂತೆ ಇಲ್ಲ. ಆದರೆ ಒಂದೇ ಕಿವಿಯ ಕೋಂಬ್‌ಗಳಿಗೇ 44,100 ದರದಲ್ಲಿ 11,024 ಸ್ಯಾಂಪಲ್ ಬೇಕು, ನಮ್ಮ ದರದಲ್ಲಿ ಸುಮಾರು 12,000. ಒಳಗಿನ 8,192ರಲ್ಲಿ ಹಿಡಿಸುವುದಿಲ್ಲ. ಈ ಚಿಪ್ ಕಂಪ್ಯೂಟರಿನ ರ‍್ಯಾಮನ್ನೂ ತಡದ ಮೆಮೊರಿಯಾಗಿ ಬಳಸಬಲ್ಲದು, ಪಿಸಿಐ ದಾರಿಯಲ್ಲಿ. ಉದ್ದದ ಕೋಂಬ್‌ಗಳನ್ನು ಅಲ್ಲಿಟ್ಟು, ಆಲ್‌ಪಾಸ್‌ಗಳನ್ನು ಒಳಗೇ ಉಳಿಸಿಕೊಂಡು ಬರೆಯಲು ಶುರು ಮಾಡಿದ್ದೇನೆ. ಎಡ ಕಿವಿಯ ಎಂಟು ಕೋಂಬ್ ಓಡುತ್ತಿವೆ, ಬಲಗಿವಿಯದು ಇನ್ನು ಬರೆಯಬೇಕು.